ಹೆಬ್ಬೆಟ್ಟಿಗೂ ಬೀಗ ಹಾಕಿ

ಶೇಂಗಾ ಬೆಳೆಸಾಲಕ್ಕೆ ನಮ್ಮ ಚಳ್ಳಕೆರೆ ಕಡೆಯ ರೈತ ಬ್ಯಾಂಕಿಗೆ ಕೊಡೋದು ಬರೀ ಸಹಿಯಲ್ಲ. ಆಧಾರ್, ಪಹಣಿ, ರೈತ ನೋಂದಣಿಯ ಫ್ರೂಟ್ಸ್ ಐಡಿ, ಮೊಬೈಲ್ ನಂಬರ್ ಎಲ್ಲ ಆ ಫೈಲಿನಲ್ಲಿರುತ್ತೆ. ಸಾಲದ ವಿವರ, ಯಾರು ಹೇಗೆ ಸಾಲ ತೀರಿಸಿದರು ಅಂತ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗಳಿಗೂ ಹೋಗುತ್ತೆ. ಅದಕ್ಕೆ ಕಾನೂನಿದೆ, ಇರಲಿ.

ನನಗೆ ಸಂಕಟವಾಗೋದು ಹೆಬ್ಬೆಟ್ಟಿನ ವಿಷಯದಲ್ಲಿ. ಪಾಸ್‌ವರ್ಡ್ ಕಳವಾದರೆ ಬದಲಾಯಿಸಬಹುದು. ಬೆರಳನ್ನ? 2023ರಲ್ಲಿ ನಮ್ಮ ರಾಜ್ಯದಲ್ಲೇ, ಕಾವೇರಿ ತಂತ್ರಾಂಶದಲ್ಲಿದ್ದ ಆಸ್ತಿ ನೋಂದಣಿ ಪತ್ರಗಳಿಂದ ಬೆರಳಚ್ಚು ಕದ್ದು, ಆಧಾರ್ ಆಧಾರಿತ ಪಾವತಿ ಮೂಲಕ ವಂಚಕರು ಜನರ ಖಾತೆಯಿಂದ ಹಣ ತೆಗೆದರು. ಒಟಿಪಿ ಬೇಕಾಗಲೇ ಇಲ್ಲ. ದುಡ್ಡು ಇದ್ದದ್ದು ಬ್ಯಾಂಕಿನಲ್ಲಿ, ಗುಟ್ಟು ಸೋರಿದ್ದು ಇನ್ನೊಂದು ಕಡೆಯಿಂದ.

ಹೆಬ್ಬೆಟ್ಟು ಒತ್ತಿ ಹಣ ತೆಗೆಯುವಾಗ, ಮಗ್ಗದಲ್ಲೋ ಹೊಲದಲ್ಲೋ ದುಡಿದು ಸವೆದ ಬೆರಳನ್ನ ಯಂತ್ರ ಬೇಗ ಓದಲ್ಲ. "ಇನ್ನೊಂದ್ಸಲ ಒತ್ತಮ್ಮ" ಅಂತಾರೆ. ಯಾಕೆ ಅಂತ ಕೇಳಿ, ಪ್ರತಿ ಸಲ ಒತ್ತಿದಾಗಲೂ ರಸೀದಿ ಕೇಳಿ.

ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಬಯೋಮೆಟ್ರಿಕ್ ಲಾಕ್ ಇದೆ, ಖರ್ಚಿಲ್ಲ. ಹಣ ತೆಗೆಯುವಾಗ ಬಿಚ್ಚಿ, ಆಮೇಲೆ ಮತ್ತೆ ಹಾಕಬಹುದು. ಮೊಳಕಾಲ್ಮೂರು, ಚಳ್ಳಕೆರೆಯ ಹುಡುಗರೇ, ಅಪ್ಪ ಅಮ್ಮನಿಗೆ ಇವತ್ತೇ ಮಾಡಿಕೊಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.