ಆಟವೂ ಆರಾಧನೆಯೂ

ಕ್ರೈಸ್ತ ಮನೆತನದಲ್ಲಿ ಹುಟ್ಟಿ ಉಪಾಧ್ಯಾಯ ವೃತ್ತಿಯನ್ನು ಕೈಗೊಂಡವರಿಗೆ ಆಟೋಟಗಳ ವಿಷಯದಲ್ಲಿ ಎರಡು ಮನಸ್ಸು ಇರುವುದು ಸಹಜವೆಂದೇ ತೋರುತ್ತದೆ. ಆಟವಿಲ್ಲದ ಬಾಲ್ಯವು ಬಾಲ್ಯವಲ್ಲವೆಂದು ಶಿಕ್ಷಕ ತರಬೇತಿಯಲ್ಲಿ ನಾವು ಕಲಿತೆವು. ದೇವರಿಗೆ ಸಲ್ಲಬೇಕಾದ ಆರಾಧನೆಯನ್ನು ಇನ್ನಾವುದಕ್ಕೂ ಸಲ್ಲಿಸಬಾರದೆಂದು ಅದಕ್ಕೂ ಬಹಳ ಮೊದಲೇ ಭಾನುವಾರದ ಶಾಲೆಯಲ್ಲಿ ಕಲಿತಿದ್ದೆವು. ಈ ಎರಡು ಪಾಠಗಳು ನಮ್ಮೊಳಗೆ ಅನೇಕ ವರ್ಷ ಜಗಳವಿಲ್ಲದೆ ಬಾಳಿದವು. 2022ರಲ್ಲಿ ವಿಶ್ವ ಕಪ್ ಕಾಲ್ಚೆಂಡಾಟ ನಡೆದ ತಿಂಗಳಿನಲ್ಲಿ ಮಾತ್ರ ಅವು ಎದುರುಬದುರಾಗಿ ನಿಂತವು.

ಕ್ರೈಸ್ತ ಸಭೆಯು ಆಟವನ್ನು ಹಗೆಯೆಂದು ಎಣಿಸಿತೆಂದು ಹೇಳಲಾಗದು. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಓಟಗಾರನನ್ನೂ ಮುಷ್ಟಿಕಾಳಗದವನನ್ನೂ ಭಕ್ತನ ಬಾಳಿಗೆ ಹೋಲಿಕೆಯಾಗಿ ತಂದಿದ್ದಾನೆ. ಕೊರಿಂಥದ ಸಮೀಪದಲ್ಲಿಯೇ ಎರಡು ವರ್ಷಗಳಿಗೊಮ್ಮೆ ದೊಡ್ಡ ಕ್ರೀಡೋತ್ಸವ ನಡೆಯುತ್ತಿದ್ದುದರಿಂದ ಆ ಹೋಲಿಕೆಯನ್ನು ಅಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೆದ್ದವನ ತಲೆಗೆ ಇಡುತ್ತಿದ್ದ ಎಲೆಯ ಕಿರೀಟವು ಬಾಡತಕ್ಕದ್ದೆಂಬುದನ್ನೂ ಪೌಲನು ಜೊತೆಯಲ್ಲಿಯೇ ನೆನಪಿಸುತ್ತಾನೆ. ಇನ್ನು, ನಮ್ಮ ಹಳ್ಳಿಗಳಲ್ಲಿ ಕೊಯ್ಲು ಮುಗಿದ ಗದ್ದೆಗಳಲ್ಲಿ ಬಲೆ ಕಟ್ಟಿ ಆಡುವ ವಾಲಿಬಾಲ್ ಆಟವನ್ನು 1895ರಲ್ಲಿ ರೂಪಿಸಿದವನು ಅಮೆರಿಕದ ಹೋಲಿಯೋಕ್ ಪಟ್ಟಣದ ವೈ.ಎಂ.ಸಿ.ಎ.ಯಲ್ಲಿದ್ದ ವಿಲಿಯಂ ಮಾರ್ಗನ್. ಅದೇ ವೈ.ಎಂ.ಸಿ.ಎ.ಯ ಹೆಸರಿನಲ್ಲಿ 1920ರಲ್ಲಿ ಮದರಾಸಿನಲ್ಲಿ ಆರಂಭವಾದ ವ್ಯಾಯಾಮ ಶಿಕ್ಷಣ ಸಂಸ್ಥೆಯು ಎಷ್ಟೋ ಶಾಲೆಗಳಿಗೆ ಡ್ರಿಲ್ ಮಾಸ್ತರರನ್ನು ಒದಗಿಸಿತು. ಆದುದರಿಂದ ಚೆಂಡನ್ನು ಕಂಡು ಹುಬ್ಬುಗಂಟಿಕ್ಕುವ ಹಕ್ಕು ನಮಗಿಲ್ಲ.

ಆದರೆ ಆಡುವವನ ಸ್ಥಿತಿ ಒಂದು, ಸುತ್ತ ನಿಂತು ನೋಡುವವನ ಸ್ಥಿತಿ ಇನ್ನೊಂದು. ಸಂತ ಅಗಸ್ಟೀನನು ತನ್ನ ಆತ್ಮನಿವೇದನೆಯ ಗ್ರಂಥದಲ್ಲಿ ಅಲಿಪಿಯಸ್ ಎಂಬ ಗೆಳೆಯನ ಸಂಗತಿಯನ್ನು ತಿಳಿಸಿದ್ದಾನೆ. ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ರೋಮಿಗೆ ಹೋಗಿದ್ದ ಆ ತರುಣನನ್ನು ಸಹಪಾಠಿಗಳು ಖಡ್ಗಮಲ್ಲರ ಕಾಳಗಕ್ಕೆ ಬಲವಂತವಾಗಿ ಎಳೆದೊಯ್ದರು. ಅವನು ಕಣ್ಣು ಮುಚ್ಚಿ ಕುಳಿತನು. ಯಾರೋ ಒಬ್ಬ ಮಲ್ಲ ನೆಲಕ್ಕುರುಳಿದಾಗ ಜನಸ್ತೋಮ ಒಮ್ಮೆಲೇ ಬೊಬ್ಬಿರಿಯಿತು. ಕಣ್ಣಿಗೆ ಬೀಗ ಹಾಕಿದವನ ಕಿವಿ ತೆರೆದೇ ಇತ್ತು. ಅವನು ಕಣ್ಣು ತೆರೆದನು, ನೋಡಿದನು, ತಾನೂ ಕೂಗಿದನು. ಮುಂದೆ ಇತರರನ್ನು ತಾನೇ ಕರೆದೊಯ್ಯತೊಡಗಿದನು. ಹದಿನಾರು ಶತಮಾನಗಳ ಹಿಂದಿನ ಈ ವೃತ್ತಾಂತವನ್ನು ಓದುವಾಗ ನಮಗೆ ನಮ್ಮ ಕಾಸರಗೋಡು ಸೀಮೆಯ ಕೇಕೆಯೇ ಕೇಳಿಸುತ್ತದೆ.

ವಿಶ್ವ ಕಪ್ ಬಂತೆಂದರೆ ಕೇರಳದ ಊರೂರುಗಳಲ್ಲಿ ಅರ್ಜೆಂಟೀನಾ, ಬ್ರೆಜಿಲ್ ಪತಾಕೆಗಳು ಹಾರುವುದನ್ನು ವಾಚಕರು ಬಲ್ಲರು. 2022ರಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿ, ನೇಮಾರ್ ಮುಂತಾದವರ ಮರದೆತ್ತರದ ಕಟೌಟುಗಳನ್ನು ನಿಲ್ಲಿಸಿದ ಸುದ್ದಿ ಲೋಕಕ್ಕೆಲ್ಲ ಹಬ್ಬಿತು. ನಮ್ಮ ಪುಟ್ಟ ಊರಿನ ಕಟ್ಟೆಯಲ್ಲಿಯೂ ಫ್ಲೆಕ್ಸುಗಳು ಎದ್ದವು. ಮಲಯಾಳದಲ್ಲಿ ಕೆಲವು, ಕನ್ನಡದಲ್ಲಿ ಕೆಲವು. ನಮ್ಮ ಶಾಲೆಯ ಏಳನೆಯ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದ ಇಬ್ಬರು ಬಾಲಕರಿದ್ದರು. ಒಬ್ಬನು ಅರ್ಜೆಂಟೀನದವನು, ಇನ್ನೊಬ್ಬನು ಬ್ರೆಜಿಲಿನವನು. ಇಬ್ಬರೂ ಮಂಗಳೂರಿನಿಂದಾಚೆ ಕಾಲಿಟ್ಟವರಲ್ಲ.

ದಶಂಬರ 9ರ ರಾತ್ರಿ ಬ್ರೆಜಿಲ್ ತಂಡವು ಕ್ರೊಯೇಷಿಯಾದೆದುರು ಪೆನಾಲ್ಟಿಯಲ್ಲಿ ಸೋತು ಹೊರಬಿದ್ದಿತು. ಅಷ್ಟು ಹೊತ್ತಿನಲ್ಲಿ ಕೆಲವರು ಹೋಗಿ ಆ ಎರಡನೆಯ ಬಾಲಕನ ಮನೆಯ ಅಂಗಳದಲ್ಲಿ ಪಟಾಕಿ ಹಚ್ಚಿದರು. ಅರ್ಜೆಂಟೀನದ ಪಂದ್ಯ ಆಗ ಇನ್ನೂ ಆರಂಭವೇ ಆಗಿರಲಿಲ್ಲ. ಆದುದರಿಂದ ಅದು ಯಾರ ಗೆಲುವಿನ ಪಟಾಕಿಯೂ ಆಗಿರಲಿಲ್ಲ. ಸೋಮವಾರ ಶಾಲೆಗೆ ಬಂದ ಹುಡುಗನು ಹಿಂದಿನ ಬೆಂಚಿಗೆ ಹೋಗಿ ಕುಳಿತನು. ಕರೆದು ವಿಚಾರಿಸಿದೆವು. "ಸೋತದ್ದಕ್ಕೆ ಬೇಜಾರಿಲ್ಲ ಮಾಸ್ಟ್ರೇ, ಪಟಾಕಿ ಹೊಡೆಯುವಾಗ ಅವನೂ ಇದ್ದ" ಎಂದನು. ಅಭಿಮಾನವೆಂಬುದು ಪ್ರೀತಿಯ ಒಂದು ರೂಪವೆಂದು ನಂಬಿದ್ದ ನಮಗೆ ಆ ಮಾತು ಬಹಳ ದಿನ ಚುಚ್ಚಿತು.

ಅಂತಿಮ ಪಂದ್ಯವು ದಶಂಬರ 18ರಂದು, ಭಾನುವಾರ, ಕತಾರಿನ ಲುಸೈಲಿನಲ್ಲಿ ನಡೆಯಿತು. ನಮಗೆ ಅದು ಕ್ರಿಸ್ತಜಯಂತಿಯ ಮುನ್ನಿನ ಕೊನೆಯ ಭಾನುವಾರ. ಮನೆಮನೆಗೆ ಹೋಗಿ ಕ್ಯಾರಲ್ ಹಾಡುವ ತರುಣರು ಅಂದು ಪದ್ಯಗಳನ್ನು ಮೊಟಕುಗೊಳಿಸಿ ಎಂಟು ಗಂಟೆಯೊಳಗೆ ಹಾಡು ಮುಗಿಸಿದರು. ಹಿರಿಯರು ನೊಂದುಕೊಂಡರು, ನಾವೂ ನೊಂದೆವು. ಅದೇ ರಾತ್ರಿ ಕಟ್ಟೆಯ ಬಳಿ ತೆರೆ ಕಟ್ಟಿ ಪಂದ್ಯ ತೋರಿಸಿದಾಗ ಅಲ್ಲಿ ಕಂಡುದೇ ಬೇರೆ. ಮಸೀದಿಗೆ ಹೋಗುವವರು, ದೇವಸ್ಥಾನಕ್ಕೆ ಹೋಗುವವರು, ನಮ್ಮ ಸಭೆಯವರು, ಭಾಷೆಯ ವಿಷಯ ಬಂದರೆ ಮುಖ ತಿರುಗಿಸುವ ಮಲಯಾಳಿಗರು, ಕನ್ನಡಿಗರು ಎಲ್ಲರೂ ಒಂದೇ ಚಾಪೆಯಲ್ಲಿ ಕುಳಿತಿದ್ದರು. 3–3ರ ಸಮಬಲದ ಬಳಿಕ ಪೆನಾಲ್ಟಿಯಲ್ಲಿ ಅರ್ಜೆಂಟೀನಾ ಗೆದ್ದಾಗ, ಐದನೆಯ ವಿಶ್ವ ಕಪ್ ಆಡುತ್ತಿದ್ದ ಮೆಸ್ಸಿಯ ಮುಖವನ್ನು ಕಂಡು ನಮ್ಮ ಕಣ್ಣೂ ಒದ್ದೆಯಾಯಿತು. ಊರವರನ್ನು ಹೀಗೆ ಒಟ್ಟಿಗೆ ಕುಳ್ಳಿರಿಸಲು ನಮ್ಮ ಎಷ್ಟು ಪ್ರಾರ್ಥನಾಕೂಟಗಳಿಂದ ಸಾಧ್ಯವಾಗಿದೆ ಎಂಬ ಪ್ರಶ್ನೆಯೂ ಮನಸ್ಸಿನಲ್ಲಿ ಎದ್ದಿತು.

ಮರುತಿಂಗಳು ಸಭೆಯ ಹಿರಿಯರ ಕೂಟದಲ್ಲಿ, ದೇವಾಲಯದ ಬಯಲಿನಲ್ಲಿ ಭಾನುವಾರ ಮಧ್ಯಾಹ್ನ ಮಕ್ಕಳು ಆಡುವುದನ್ನು ನಿಲ್ಲಿಸಬೇಕೆಂಬ ಸೂಚನೆ ಬಂತು. ಉಪಾಧ್ಯಾಯರೆಂಬ ಕಾರಣಕ್ಕೆ ನಮ್ಮ ಅಭಿಪ್ರಾಯ ಕೇಳಿದರು. ಸೂಚನೆಯನ್ನು ಮಂಡಿಸಿದವರು ಎರಿಕ್ ಲಿಡೆಲನ ಉದಾಹರಣೆ ಕೊಟ್ಟಿದ್ದರು. ಸ್ಕಾಟ್ಲೆಂಡಿನ ಆ ಓಟಗಾರನು 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾನುವಾರ ಓಡೆನೆಂದು 100 ಮೀಟರ್ ಓಟವನ್ನು ಬಿಟ್ಟುಕೊಟ್ಟು, 400 ಮೀಟರಿನಲ್ಲಿ 47.6 ಸೆಕೆಂಡಿಗೆ ಓಡಿ ಚಿನ್ನದ ಪದಕ ಗಳಿಸಿದನು. ಉದಾಹರಣೆ ಸರಿಯಾದದ್ದೇ. ಅದರ ಉತ್ತರಾರ್ಧವನ್ನು ನಾವು ಹೇಳಿದೆವು. ಮಿಷನರಿಯಾಗಿ ಚೀನಕ್ಕೆ ಹೋದ ಲಿಡೆಲ್ ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ವೈಷಿಯೆನ್ ಬಂಧನ ಶಿಬಿರದಲ್ಲಿ ಸೆರೆಯಾದನು. ಅಲ್ಲಿಯೂ ಅವನು ಭಾನುವಾರ ಆಟ ಬೇಡವೆಂದವನೇ. ಆದರೆ ಹುಡುಗರು ಭಾನುವಾರ ತಾವಾಗಿಯೇ ಹಾಕಿ ಆಡಲು ಹೋಗಿ, ತೀರ್ಪುಗಾರರಿಲ್ಲದೆ ಹೊಡೆದಾಡಿಕೊಂಡರು. ಮುಂದಿನ ಭಾನುವಾರ ಲಿಡೆಲ್ ತಾನೇ ಬಂದು ತೀರ್ಪುಗಾರನಾಗಿ ನಿಂತನು. 1945ರ ಫೆಬ್ರವರಿಯಲ್ಲಿ, ಶಿಬಿರದ ಬಾಗಿಲು ತೆರೆಯುವ ಮೊದಲೇ, ಅಲ್ಲಿಯೇ ತೀರಿಕೊಂಡನು.

ಪದಕಕ್ಕಾಗಿ ಮುರಿಯದ ನಿಯಮವನ್ನು ಆತನು ಮಕ್ಕಳ ಜಗಳ ಬಿಡಿಸುವುದಕ್ಕಾಗಿ ಸಡಿಲಿಸಿದನು. ಅಂಗಳದ ಪಟಾಕಿಯನ್ನು ನೆನೆದಾಗಲೆಲ್ಲ ನಮಗೆ ಈ ಸಂಗತಿಯೇ ದಾರಿದೀಪವಾಗಿ ತೋರುತ್ತದೆ. ದಿನ ಯಾವುದೆಂಬ ಪ್ರಶ್ನೆ ಸಣ್ಣದೆಂದು ನಾವು ಹೇಳುವುದಿಲ್ಲ. ಆದರೆ ಸೋತವನ ಮನೆಯೆದುರು ನಾವು ಹೇಗೆ ನಡೆದುಕೊಳ್ಳುತ್ತೇವೆಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ನೆರೆಯವನ ದುಃಖವನ್ನು ನೈವೇದ್ಯವಾಗಿ ಕೇಳುವ ಅಭಿಮಾನವು ವಿಗ್ರಹವಲ್ಲದೆ ಮತ್ತೇನು?

ಕೂಟದಲ್ಲಿ ಹೀಗೆ ನಿಶ್ಚಯವಾಯಿತು: ಆರಾಧನೆಯ ವೇಳೆಯಲ್ಲಿ ಆಟವಿಲ್ಲ, ನಾಲ್ಕು ಗಂಟೆಯ ಮೇಲೆ ಆಡಬಹುದು, ಹಿರಿಯರಲ್ಲಿ ಒಬ್ಬರು ಸರದಿಯಂತೆ ಬಯಲಿನ ಬದಿಯಲ್ಲಿರಬೇಕು, ಗೆದ್ದ ಪಕ್ಷದವರು ಸೋತವರಿಗೆ ಮೊದಲು ನೀರು ಕೊಡಬೇಕು. ಕೊನೆಯ ನಿಯಮಕ್ಕೆ ಮೊದಮೊದಲು ಮಕ್ಕಳು ನಕ್ಕರು. ಈಗ ಹೇಳದೆಯೇ ಕೊಡದ ನಿದರ್ಶನ ಅಪರೂಪ. ಆ ಇಬ್ಬರು ಬಾಲಕರು ಪ್ರೌಢಶಾಲೆಗೆ ಹೋಗುವ ಮೊದಲು ಮತ್ತೆ ಒಂದೇ ಬೆಂಚಿಗೆ ಬಂದರು. ಮೊದಲಿನಷ್ಟು ಮಾತಿರಲಿಲ್ಲವೆಂಬುದನ್ನೂ ಹೇಳಬೇಕು.

ತಿಂಗಳಿಗೊಮ್ಮೆ ನಮ್ಮ ಸರದಿ ಬರುತ್ತದೆ. ನಾವು ಪೀಪಿ ಹಿಡಿದು ಬಲೆಯ ಪಕ್ಕದಲ್ಲಿ ನಿಲ್ಲುತ್ತೇವೆ. ಬಡ ಮನೆಯ ಒಬ್ಬ ಹುಡುಗ ಎತ್ತರಕ್ಕೆ ನೆಗೆದು ಚೆಂಡನ್ನು ಹೊಡೆದಾಗ ದೇವರು ಕೊಟ್ಟ ದೇಹದ ಚೆಲುವನ್ನು ಕಂಡು ಸ್ತೋತ್ರವೆನ್ನುತ್ತೇವೆ. ಆ ಕ್ಷಣದಲ್ಲಿಯೇ ಮನಸ್ಸು ಗುಟ್ಟಾಗಿ ಒಂದು ಪಕ್ಷವನ್ನು ಹಿಡಿದಿರುತ್ತದೆ. ತೀರ್ಪು ಕೊಡುವಾಗ ಅದನ್ನು ಹಿಂದಕ್ಕೆಳೆಯಬೇಕಾಗುತ್ತದೆ.