38 ಟ್ಯಾಕಲ್, ಒಂದು ಪಾಯಿಂಟ್

ಫಸ್ಟ್ ಇಯರ್‌ನಲ್ಲಿ ಕಾಲೇಜು ಕಬಡ್ಡಿ ಟೀಮಿನ ಲಿಸ್ಟ್ ನೋಟಿಸ್ ಬೋರ್ಡಿಗೆ ಬಂದಾಗ ನನ್ನ ಹೆಸರು ಕೊನೆಯಲ್ಲಿ, ಒಂದು ಗೆರೆಯ ಕೆಳಗಿತ್ತು: ಸ್ಟ್ಯಾಂಡ್‌ಬೈ. ಇಡೀ ಟೂರ್ನಮೆಂಟ್ ಬೆಂಚ್ ಮೇಲೇ ಮುಗೀತು. ರೂಮಿಗೆ ಬಂದು ‘ಆಟ ಸಾಕು, ಇನ್ನು ಓದೋಣ’ ಅಂತ ಶೂಗಳನ್ನ ಮಂಚದ ಕೆಳಗೆ ತಳ್ಳಿದೆ.

ಆಟ ಬಿಟ್ಟರೂ ಡಿಫೆನ್ಸ್ ವಿಡಿಯೋ ನೋಡೋದು ಬಿಡಲಿಲ್ಲ. ಹಾಗೆ ನೋಡ್ತಾ ನೋಡ್ತಾ ಒಂದು ರಾತ್ರಿ ರಗ್ಬಿಯವನೊಬ್ಬ ಸಿಕ್ಕಿದ. ಫ್ರಾನ್ಸ್‌ನ ತಿಯೆರಿ ದ್ಯುಸೊತ್ವಾರ್.

ಹುಟ್ಟಿದ್ದು 1981ರಲ್ಲಿ, ಐವರಿ ಕೋಸ್ಟ್‌ನ ಅಬಿಜಾನ್‌ನಲ್ಲಿ. ಮೊದಲು ಆಡ್ತಿದ್ದದ್ದು ಜೂಡೋ. ರಗ್ಬಿಗೆ ಬಂದಿದ್ದು ಹದಿನಾರರ ಸುಮಾರಿಗೆ, ಅಂದ್ರೆ ತಡವಾಗಿಯೇ. ಜೊತೆಗೆ ಬೋರ್ಡೋ ನಗರದಲ್ಲಿ ಕೆಮಿಸ್ಟ್ರಿ ಓದಿ ಎಂಜಿನಿಯರಿಂಗ್ ಡಿಗ್ರಿ ತಗೊಂಡ. ಹೌದು, ನಮ್ಮವನೇ!

2007ರ ವರ್ಲ್ಡ್ ಕಪ್‌ಗೆ ಫ್ರಾನ್ಸ್ ಆರಿಸಿದ ಮೊದಲ ಟೀಮಿನಲ್ಲಿ ಅವನ ಹೆಸರಿರಲಿಲ್ಲ. ಇನ್ನೊಬ್ಬ ಆಟಗಾರನಿಗೆ ಗಾಯವಾಗಿದ್ದಕ್ಕೆ ಇವನನ್ನ ಕರೆದರು. ಅಕ್ಟೋಬರ್ 6, ಕಾರ್ಡಿಫ್, ಕ್ವಾರ್ಟರ್ ಫೈನಲ್. ಎದುರಿಗೆ ನ್ಯೂಜಿಲೆಂಡ್. ಹಾಫ್ ಟೈಮ್‌ಗೆ ಫ್ರಾನ್ಸ್ 3-13ರಿಂದ ಹಿಂದಿತ್ತು. ಆಮೇಲೆ ಇವನೇ ಒಂದು ಟ್ರೈ ಹೊಡೆದ. ಕೊನೆಗೆ ಫ್ರಾನ್ಸ್ 20-18ರಲ್ಲಿ ಗೆದ್ದಿತು. ಆದರೆ ಜನ ಇವತ್ತಿಗೂ ಹೇಳೋದು ಆ ಟ್ರೈ ಬಗ್ಗೆ ಅಲ್ಲ, ಅವನು ಮಾಡಿದ 38 ಟ್ಯಾಕಲ್ ಬಗ್ಗೆ. 80 ನಿಮಿಷದ ಆಟದಲ್ಲಿ ಹೆಚ್ಚುಕಡಿಮೆ ಎರಡು ನಿಮಿಷಕ್ಕೊಂದು. ಓಡಿ ಬರೋನನ್ನ ಹಿಡಿದು ಕೆಡವಬೇಕು, ತಾನೂ ಬೀಳಬೇಕು, ಎದ್ದು ಮತ್ತೊಬ್ಬನ ಹಿಂದೆ ಓಡಬೇಕು. ಸ್ಕೋರ್‌ಬೋರ್ಡಲ್ಲಿ ಅದಕ್ಕೆ ಒಂದು ಪಾಯಿಂಟೂ ಇಲ್ಲ.

ಮುಂದೆ ಕ್ಯಾಪ್ಟನ್ ಆದ. 2011ರಲ್ಲಿ ಗುಂಪಿನ ಪಂದ್ಯದಲ್ಲಿ ಟೋಂಗಾ ಎದುರು ಸೋತ ಟೀಮನ್ನ ಫೈನಲ್‌ವರೆಗೆ ಕರ್ಕೊಂಡು ಹೋದ. ಆಕ್ಲೆಂಡ್‌ನಲ್ಲಿ ಮತ್ತೆ ನ್ಯೂಜಿಲೆಂಡ್. ಫ್ರಾನ್ಸ್‌ನ ಏಕೈಕ ಟ್ರೈ ಇವನದ್ದೇ. ಸ್ಕೋರ್ 7-8. ಒಂದೇ ಪಾಯಿಂಟ್! ಆ ವರ್ಷ ಪ್ರಪಂಚದ ಶ್ರೇಷ್ಠ ಆಟಗಾರ ಅಂತ ಪ್ರಶಸ್ತಿ ಬಂತು, ಕಪ್ ಬರಲಿಲ್ಲ. 2015ರಲ್ಲಿ ದೇಶಕ್ಕಾಗಿ ಆಡಿದ ಕೊನೆಯ ಪಂದ್ಯ ಅದೇ ಕಾರ್ಡಿಫ್‌ನಲ್ಲಿ, ಅದೇ ನ್ಯೂಜಿಲೆಂಡ್ ಎದುರು, ಅದೂ ಕ್ವಾರ್ಟರ್ ಫೈನಲ್. 13-62ರ ಸೋಲು.

ಸಿನಿಮಾ ಆಗಿದ್ದರೆ ಇದನ್ನ 2007ರಲ್ಲೇ ಮುಗಿಸ್ತಿದ್ದರು. ನನಗೆ ಹಿಡಿಸಿದ್ದು ಅದು ಅಲ್ಲಿ ಮುಗಿಯಲಿಲ್ಲ ಅನ್ನೋದೇ. ಗೆರೆಯಾಚೆ ಇದ್ದಾಗಲೂ ರೆಡಿ ಇದ್ದ. ಕರೆದಾಗ ಹೋದ. ಗೆದ್ದ, ಒಂದು ಪಾಯಿಂಟಿಗೆ ಸೋತ, ಹೀನಾಯವಾಗಿಯೂ ಸೋತ. ಅಷ್ಟೂ ವರ್ಷ ಬಿದ್ದು ಎದ್ದು ಓಡ್ತಾನೇ ಇದ್ದ.

ಈಗ ನನ್ನ ವಿಷಯ. ಆಟ ಬಿಟ್ಟ ಮೇಲೂ ನನಗೆ ಮ್ಯಾಥ್ಸ್‌ನಲ್ಲಿ ಬ್ಯಾಕ್‌ಲಾಗ್ ಬಂತು. ಪ್ರಾಕ್ಟೀಸ್‌ನಿಂದ ಉಳಿದ ಸಂಜೆಗಳೆಲ್ಲ ರೀಲ್ಸ್‌ಗೆ ಹೋದವು. ಮನೇಲಿ ‘ಓದೋಕೆ ಅಂತ ಬಿಟ್ಟೆ’ ಅಂದಿದ್ದೆ. ಅದು ಸುಳ್ಳು. ಗೆರೆಯ ಕೆಳಗೆ ಇನ್ನೊಂದು ಸಲ ನನ್ನ ಹೆಸರು ನೋಡೋಕೆ ಧೈರ್ಯ ಇರಲಿಲ್ಲ, ಅಷ್ಟೇ.

ಮೊನ್ನೆ ಶೂಗಳನ್ನ ಹೊರಗೆ ತೆಗೆದೆ. ಧೂಳು ಕೊಡವಿ ಸೆಲೆಕ್ಷನ್‌ಗೆ ಹೆಸರು ಕೊಟ್ಟೆ. ಬ್ಯಾಕ್‌ಲಾಗ್ ಪರೀಕ್ಷೆಯ ಫಾರ್ಮ್ ತುಂಬಿದ್ದೂ ಅವತ್ತೇ. ಲಿಸ್ಟ್ ಇನ್ನೂ ಬಂದಿಲ್ಲ. ಹೆಸರು ಗೆರೆಯ ಕೆಳಗೇ ಬಂದರೂ ಈ ಸಲ ಪ್ರಾಕ್ಟೀಸಿಗೆ ಹೋಗ್ತೀನಿ.