ಯಂತ್ರಕ್ಕೆ ಎಂಥ ನೀರು?

ನೀರೆಂದರೆ ನೀರೇ ತಾನೆ ಎನ್ನುವವರು ಒಮ್ಮೆ ನಮ್ಮೂರ ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಬೇಯಲಿಟ್ಟು ನೋಡಬೇಕು. ಕುಕ್ಕರ್ ಎಷ್ಟು ಕೂಗಿದರೂ ಬೇಳೆ ಬೇಳೆಯಾಗಿಯೇ ಇರುತ್ತದೆ. ಗೀಸರಿನೊಳಗೆ ಸುಣ್ಣ ಗಾರೆಯಂತೆ ಕಟ್ಟಿಕೊಳ್ಳುತ್ತದೆ. ಗಡಸು ನೀರಿನ ಗುಣ ಮನೆ ನಡೆಸುವ ಹೆಂಗಸಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು. ಕನ್ನಡ, ಸಮಾಜ ಪಾಠ ಹೇಳುವ ನಾನು ಮಗನ ಯಂತ್ರದ ವಿಚಾರದಲ್ಲಿ ಬಾಯಿ ಹಾಕಿದ್ದು ಆ ಧೈರ್ಯದಿಂದಲೇ.

ನಮ್ಮ ಹಿತ್ತಲ ಶೆಡ್ಡಿನಲ್ಲಿ ಮಗ ಬಾಗಿಲು, ದೇವರ ಮಂಟಪಗಳಿಗೆ ಕೆತ್ತನೆ ಮಾಡಿಕೊಡುತ್ತಾನೆ. ಉಳಿ ಹಿಡಿದಲ್ಲ, ಸಿಎನ್‌ಸಿ ರೂಟರ್ ಎಂಬ ಯಂತ್ರದಿಂದ. ಅದರ ಜೀವವೆಲ್ಲ ಇರುವುದು ಸ್ಪಿಂಡಲ್‌ನಲ್ಲಿ. 2.2 ಕಿಲೋವಾಟಿನ ಆ ಮೋಟಾರು ನಿಮಿಷಕ್ಕೆ 24,000 ಸುತ್ತು ತಿರುಗಬಲ್ಲದು. ಹಾಗೆ ತಿರುಗಿದರೆ ಬಿಸಿಯಾಗದೆ ಇದ್ದೀತೆ? ಪಕ್ಕದ ಡ್ರಮ್ಮಿನಿಂದ ಪುಟ್ಟ ಪಂಪೊಂದು ನೀರೆತ್ತಿ, ಮೋಟಾರಿನ ಮೈಯೊಳಗೆ ಸುತ್ತಾಡಿಸಿ, ಮತ್ತೆ ಡ್ರಮ್ಮಿಗೇ ಬಿಡುತ್ತದೆ. ನೀರಿನ ಓಟ ನಿಂತರೆ ಸ್ಪಿಂಡಲ್ ಸುಡುವುದಕ್ಕೆ ಬಹಳ ಹೊತ್ತು ಬೇಡ.

ಬೋರ್‌ವೆಲ್ ನೀರು ಬೇಡವೆಂಬುದರಲ್ಲಿ ನಮ್ಮಿಬ್ಬರದೂ ಒಂದೇ ಮಾತು. ಸಣ್ಣ ದಾರಿಯಲ್ಲಿ ಸುಣ್ಣ ಕಟ್ಟಿದರೆ ನೀರು ಹರಿಯುವುದೆಲ್ಲಿಂದ?

"ಅಮ್ಮಾ, ಕಾರಿಗೆ ಹಾಕೋ ಹಸಿರು ಕೂಲೆಂಟ್ ತಂದುಬಿಡ್ತೀನಿ" ಎಂದ.

ಡಬ್ಬಿಯ ಹಿಂದಿನ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದುವುದು ನನ್ನ ಹಳೆಯ ಚಾಳಿ. ಎಥಿಲೀನ್ ಗ್ಲೈಕಾಲ್ ಎಂದಿತ್ತು. ನಮ್ಮ ಶಾಲೆಯ ವಿಜ್ಞಾನದ ಮೇಡಂ ಅವರನ್ನು ಕೇಳಿದೆ. ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯದಿರಲೆಂದು ಇದನ್ನು ಬೆರೆಸುತ್ತಾರಂತೆ. ನೀರಿಗೆ ಸಮಸಮ ಬೆರೆಸಿದರೆ ಸೊನ್ನೆಗಿಂತ 35 ಡಿಗ್ರಿ ಕೆಳಗೆ ಇಳಿದರೂ ಗಡ್ಡೆಯಾಗದು. ನಮ್ಮಲ್ಲಿ ಮಾಗಿಯ ಬೆಳಗಿನಲ್ಲೂ ಕೊಳಾಯಿ ಹೆಪ್ಪುಗಟ್ಟಿದ್ದನ್ನು ಕಂಡವರುಂಟೆ? ಅಲ್ಲದೆ ಶಾಖ ಹೊರುವುದರಲ್ಲಿ ನೀರೇ ಮೇಲು. ಅಷ್ಟೇ ತೂಕದ ಗ್ಲೈಕಾಲ್ ಹೊರುವುದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ.

ನನ್ನ ಎದೆ ಝಲ್ಲೆಂದದ್ದು ಅವರ ಮುಂದಿನ ಮಾತಿಗೆ. ಅದು ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ಹೊಟ್ಟೆಗೆ ಹೋದರೆ ಮೂತ್ರಪಿಂಡವನ್ನೇ ಕೆಡಿಸುತ್ತದೆ. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿನ ಸುದ್ದಿ ಬಂದಾಗ, ಸಿರಪ್ಪಿನಲ್ಲಿ ಬೆರೆತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದ ಎರಡು ವಸ್ತುಗಳಲ್ಲಿ ಇದೂ ಒಂದು. ನಮ್ಮ ಮೂರು ವರ್ಷದ ಮೊಮ್ಮಗಳು ದಿನಕ್ಕೆ ಹತ್ತು ಸಲ ಆ ಶೆಡ್ಡಿಗೆ ಓಡುತ್ತಾಳೆ. ಬಣ್ಣದ್ದು ಕಂಡರೆ ಬೆರಳು ಅದ್ದಿ ನೆಕ್ಕುವ ವಯಸ್ಸು.

"ಅದು ಬೇಡವೇ ಬೇಡ, ಅತ್ತೆ" ಎಂದಳು ಸೊಸೆ. ಮಗನೂ ಮರುಮಾತಾಡಲಿಲ್ಲ.

ಹಾಗಾದರೆ ಏನು? ಭಟ್ಟಿ ಇಳಿಸಿದ ನೀರು, ಅಂದರೆ ಡಿಸ್ಟಿಲ್ಡ್ ವಾಟರ್. ಅದರಲ್ಲಿ ಸುಣ್ಣವಿಲ್ಲ. ಆದರೆ ಅದೊಂದೇ ಸಾಲದು. ನೀರಿನ ದಾರಿಯಲ್ಲಿ ಅಲ್ಯೂಮಿನಿಯಂ, ಹಿತ್ತಾಳೆ ಮುಂತಾದ ಬೇರೆಬೇರೆ ಲೋಹಗಳು ಸೇರಿದರೆ ಒಂದು ಇನ್ನೊಂದರ ದೆಸೆಯಿಂದ ಸವೆಯುತ್ತದೆ. ಅದಕ್ಕೆ ಗ್ಲೈಕಾಲ್ ಇಲ್ಲದ ತುಕ್ಕುನಿರೋಧಕ ದ್ರಾವಣವನ್ನು ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲಿ ಬೆರೆಸಬೇಕು. ಚಳಿಯ ಊರಿನವರಿಗೆ ಪ್ರೊಪಿಲೀನ್ ಗ್ಲೈಕಾಲ್ ಎಂಬುದುಂಟು. ಅದರ ವಿಷ ಬಹಳ ಕಡಿಮೆ.

ಇನ್ನು ಪಾಚಿ. ಸಂಪಿಗೆ ಹಾಕುವ ಬ್ಲೀಚಿಂಗ್ ಪುಡಿಯನ್ನೇ ಹಾಕೋಣವೆಂದ ಕೆಲಸದ ಹುಡುಗ. ಅದರ ಕ್ಲೋರಿನ್ ಲೋಹವನ್ನು ತಿನ್ನುತ್ತದೆಂದು ಮಗ ತಡೆದ. ಪಾಚಿಗೆ ಬೇಕಾದದ್ದು ಬೆಳಕು. ಅದನ್ನೇ ಕೊಡದಿದ್ದರಾಯಿತು. ಪಾರದರ್ಶಕ ಕೊಳವೆ ತೆಗೆದು ಕಪ್ಪು ಕೊಳವೆ ಹಾಕಿದ. ಡ್ರಮ್ಮಿಗೆ ಗಟ್ಟಿ ಮುಚ್ಚಳ ಬಂತು. ನೀರು ಮಂಕಾದರೆ, ಲೋಳೆಯಾದರೆ ಬದಲಾಯಿಸುವುದೆಂದು ಗೊತ್ತುಮಾಡಿಕೊಂಡೆವು.

ವಿಷ ಕಡಿಮೆಯೆಂದ ಮಾತ್ರಕ್ಕೆ ಕುಡಿಯುವ ನೀರಾಗುವುದಿಲ್ಲವಲ್ಲ! ಉಳಿದ ದ್ರಾವಣವನ್ನು ನೀರಿನ ಬಾಟಲಿಗೆ ತುಂಬಿಡಕೂಡದೆಂದು ಕಟ್ಟಪ್ಪಣೆ ಮಾಡಿದ್ದೇನೆ. ಡ್ರಮ್ಮಿನ ಮೇಲೆ ಕೆಂಪು ಬಣ್ಣದಲ್ಲಿ, ಕರಿಹಲಗೆಯ ಮೇಲೆ ಬರೆಯುವಷ್ಟೇ ದುಂಡಾಗಿ, 'ಕುಡಿಯುವ ನೀರಲ್ಲ' ಎಂದು ಬರೆದೆ. ಮೊಮ್ಮಗಳಿಗೆ ಇನ್ನೂ ಓದಲು ಬರುವುದಿಲ್ಲ. ಅದಕ್ಕೇ ಮುಚ್ಚಳಕ್ಕೊಂದು ಬೀಗವನ್ನೂ ಹಾಕಿಸಿದೆ.